ಬೆಳಕಿಗೊಂದು ಒಡ್ಡು

ಫೋಟೋಗ್ರಫಿ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಕೂತರೆ ಮೊದಲ ಸಾಲಿನಲ್ಲೇ ಕೈ ನಿಂತುಬಿಡುತ್ತೆ. ಎಕ್ಸ್‌ಪೋಷರ್ ಅನ್ನೋದಕ್ಕೆ ಏನನ್ನಬೇಕು? ನಮ್ಮ ಆಫೀಸಿನಲ್ಲಿ ಈ ಪದಕ್ಕೆ ಬೇರೆಯೇ ಅರ್ಥ ಇದೆ. "ಈ ಪ್ರಾಜೆಕ್ಟಿನಲ್ಲಿ ನಿನಗೆ ಒಳ್ಳೆ ಎಕ್ಸ್‌ಪೋಷರ್ ಸಿಗುತ್ತೆ" ಅಂತ ಮ್ಯಾನೇಜರ್ ಹೇಳಿದರೆ, ಮುಂದಿನ ಮೂರು ತಿಂಗಳು ಶನಿವಾರ-ಭಾನುವಾರ ಮರೆತುಬಿಡು ಅಂತ. ಸಿನಿಮಾ ಪುಟದಲ್ಲಿ ಇದಕ್ಕೆ ಇನ್ನೂ ಒಂದು ಅರ್ಥ ಇದೆ, ಅದನ್ನ ಇಲ್ಲಿ ಬಿಡಿಸಿ ಹೇಳೋದು ಬೇಡ :-)

"ಒಡ್ಡುವಿಕೆ" ಅಂತ ಒಂದು ಪದ ಇದೆ. ಕೇಳಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತೆ. ಆದರೆ ಆ "ವಿಕೆ"ಯನ್ನ ಕಿತ್ತುಹಾಕಿ ಬರೀ "ಒಡ್ಡು" ಅಂತ ಹೇಳಿ ನೋಡಿ. ಮಳೆಗೆ ಮೈ ಒಡ್ಡೋದು, ಬೊಗಸೆ ಒಡ್ಡೋದು, ಚಳಿಗೆ ಬೆಂಕಿಯ ಮುಂದೆ ಕೈ ಒಡ್ಡೋದು. ಇದು ಒಂದರ್ಥ. ನಮ್ಮ ಬೆಳಗಾವಿ ಕಡೆ ಹೊಲದಲ್ಲಿ ನಿಂತು "ಒಡ್ಡು" ಅಂದರೆ ಬೇರೆ. ನೀರು ತಡೆಯೋಕೆ ಹೊಲದ ಅಂಚಿಗೆ ಹಾಕೋ ಮಣ್ಣಿನ ದಿಬ್ಬ ಅದು. ಒಂದೇ ಪದ ಒಂದು ಕಡೆ "ಬಾ" ಅನ್ನುತ್ತೆ, ಇನ್ನೊಂದು ಕಡೆ "ನಿಲ್ಲು" ಅನ್ನುತ್ತೆ. ಕ್ಯಾಮೆರಾ ಹಿಡಿದು ಎರಡು ವರ್ಷ ಓಡಾಡಿದ ಮೇಲೆ ನನಗನ್ನಿಸೋದು ಇಷ್ಟು: ಎಕ್ಸ್‌ಪೋಷರ್ ಅಂದರೆ ಈ ಎರಡೂ ಅರ್ಥ ಸೇರಿದ್ದು. ಎಷ್ಟು ಬೆಳಕನ್ನ ಬರಮಾಡಿಕೊಳ್ಳಬೇಕು, ಎಲ್ಲಿ ತಡೆಯಬೇಕು ಅನ್ನೋ ನಿರ್ಧಾರ. ಆ ನಿರ್ಧಾರ ಯಾರದು ಅನ್ನೋದು ಇನ್ನೂ ದೊಡ್ಡ ಪ್ರಶ್ನೆ. ಅದಕ್ಕೆ ಆಮೇಲೆ ಬರ್ತೀನಿ, ಅದರಲ್ಲಿ ನಮ್ಮ ತಂಗಿಯ ಕಥೆಯೂ ಇದೆ.

ಮೊದಲು ಸ್ವಲ್ಪ ಲೆಕ್ಕ. ಹೆದರಬೇಡಿ, ಮಳೆ ನೀರಿನ ಲೆಕ್ಕ.

ನಮ್ಮಜ್ಜನ ಊರು ಖಾನಾಪುರ ತಾಲ್ಲೂಕಿನ ಬೀಡಿ ಹತ್ತಿರ. ನಾನು ಕೆಲಸ ಮಾಡೋದು ಬೆಂಗಳೂರಿನಲ್ಲಿ, ಮನೆ ಇರೋದು ಬೆಳಗಾವಿಯ ಶಹಾಪುರದಲ್ಲಿ. ರಜೆ ಸಿಕ್ಕಾಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಗಾವಿಗೆ ಬಂದು, ಅಲ್ಲಿಂದ ಬೈಕಿನಲ್ಲಿ ಅಜ್ಜನ ಊರಿಗೆ ಹೋಗೋದು. ದಾರಿಯಲ್ಲಿ ಮಚ್ಚೆ ಬರುತ್ತೆ, ವಿಟಿಯು ಜ್ಞಾನಸಂಗಮದ ಗೇಟು ಕಾಣುತ್ತೆ. ಇಂಜಿನಿಯರಿಂಗ್ ಮಾಡಿದವರಿಗೆ ಆ ಗೇಟು ಕಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಒಂದು ಥರ ಆಗುತ್ತೆ, ಅದು ಬೇರೆ ಮಾತು. ಖಾನಾಪುರ ತಾಲ್ಲೂಕು ಒಂದು ವಿಚಿತ್ರ ತಾಲ್ಲೂಕು. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ ಕಡೆ ಹೋದರೆ ಸಹ್ಯಾದ್ರಿಯ ದಟ್ಟ ಕಾಡು. ಮಲಪ್ರಭೆ ಹುಟ್ಟೋದು ಅದೇ ಕಣಕುಂಬಿಯಲ್ಲಿ. ಪೂರ್ವಕ್ಕೆ ಬೀಡಿ, ಇಟಗಿ ಕಡೆ ಬಂದರೆ ಬಯಲು. ಒಂದೇ ತಾಲ್ಲೂಕಿನಲ್ಲಿ ಎರಡು ಥರದ ಮಳೆ, ಎರಡು ಥರದ ಬೆಳಕು.

ಮಳೆಗಾಲದಲ್ಲಿ ಅಜ್ಜನ ಹಂಚಿನ ಮನೆಯ ಸೂರಿನ ಕೆಳಗೆ ಅಜ್ಜಿ ಸಾಲಾಗಿ ಪಾತ್ರೆ ಇಡ್ತಾಳೆ. ತಂಬಿಗೆ, ಕೊಡ, ಬಕೆಟ್ಟು, ಅಗಲ ಬಾಯಿಯ ಪರಾತ. ಯಾವುದರಲ್ಲಿ ಎಷ್ಟು ನೀರು ತುಂಬುತ್ತೆ ಅನ್ನೋದು ಮೂರು ವಿಷಯದ ಮೇಲೆ ನಿಂತಿದೆ. ಮಳೆ ಎಷ್ಟು ಜೋರಾಗಿದೆ, ಪಾತ್ರೆಯ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ಇಟ್ಟಿದ್ದೀರಿ. ಮಳೆ ನಿಮ್ಮ ಕೈಯಲ್ಲಿಲ್ಲ, ಅದು ಬೆಳಕು. ಬಾಯಿಯ ಅಗಲ ಅಪರ್ಚರ್. ಇಟ್ಟಿರೋ ಹೊತ್ತು ಶಟರ್ ಸ್ಪೀಡ್. ಸೆನ್ಸರ್ ಮೇಲೆ ಇರೋ ಕೋಟಿಗಟ್ಟಲೆ ಪಿಕ್ಸೆಲ್‌ಗಳು ಒಂದೊಂದೂ ಒಂದೊಂದು ಪುಟ್ಟ ತಂಬಿಗೆ ಅಂದುಕೊಳ್ಳಿ.

ಹಾಗಾದರೆ ಐಎಸ್‌ಒ ಏನು? ಫಿಲ್ಮ್ ಕಾಲದಲ್ಲಿ ಅಮೆರಿಕದವರ ಎಎಸ್‌ಎ ಒಂದು, ಜರ್ಮನಿಯವರ ಡಿಐಎನ್ ಒಂದು ಅಂತ ಎರಡು ಅಳತೆ ಇದ್ದವು. ಎರಡನ್ನೂ ಸೇರಿಸಿ ಐಎಸ್‌ಒ ಆಯ್ತು. ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತೆ ಅನ್ನೋದರ ಅಳತೆ ಅದು. ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ ಹೆಚ್ಚಿಸಿದರೆ ಒಂದು ಹನಿ ನೀರೂ ಹೆಚ್ಚು ಬರಲ್ಲ. ತಂಬಿಗೆಯಲ್ಲಿ ಬಿದ್ದಷ್ಟನ್ನೇ ಅಳೆದು, ಆಮೇಲೆ ಗುಣಿಸ್ತಾರೆ ಅಷ್ಟೇ. ರೇಡಿಯೋದ ವಾಲ್ಯೂಮ್ ಏರಿಸಿದಾಗ ಹಾಡಿನ ಜೊತೆ ಗೊರಗೊರ ಸದ್ದೂ ಏರುತ್ತಲ್ಲ, ಹಾಗೆ ಚಿತ್ರದಲ್ಲಿ ಕಾಳುಕಾಳು ಕಾಣಿಸುತ್ತೆ. ಫೋಟೋ ಆಸಕ್ತರು ಅದಕ್ಕೆ ನಾಯ್ಸ್ ಅಂತಾರೆ. ಆ ಕಾಳು ನಿಜಕ್ಕೂ ಬರೋದು ಬೆಳಕು ಕಮ್ಮಿ ಬಿದ್ದದ್ದರಿಂದ. ಐಎಸ್‌ಒ ಅದನ್ನ ಎತ್ತಿ ತೋರಿಸುತ್ತೆ.

ಅಪರ್ಚರ್ ಸಂಖ್ಯೆಗಳು ಮಾತ್ರ ಹೊಸಬರನ್ನ ಗೋಳಾಡಿಸ್ತವೆ. 1.4, 2, 2.8, 4, 5.6, 8, 11, 16... ಇದೆಂಥ ಮಗ್ಗಿ? ಅದೂ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು! ಇದರ ಗುಟ್ಟು ಹೈಸ್ಕೂಲಿನ ಗಣಿತದಲ್ಲೇ ಇದೆ. ಲೆನ್ಸಿನ ಫೋಕಲ್ ದೂರವನ್ನ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರೋದೇ ಈ ಸಂಖ್ಯೆ. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್/2 ಅಂದರೆ ಕಿಂಡಿಯ ವ್ಯಾಸ 25 ಮಿಮೀ, ಎಫ್/4 ಅಂದರೆ 12.5 ಮಿಮೀ. ವ್ಯಾಸ ಅರ್ಧ ಆದರೆ ವಿಸ್ತೀರ್ಣ ಕಾಲು ಭಾಗ ಆಗುತ್ತೆ. ಬೆಳಕು ಸರಿಯಾಗಿ ಅರ್ಧ ಆಗಬೇಕು ಅಂದರೆ ವ್ಯಾಸವನ್ನ ಎರಡರ ವರ್ಗಮೂಲದಿಂದ, ಅಂದರೆ ಸುಮಾರು 1.4ರಿಂದ ಭಾಗಿಸಬೇಕು. ಹಾಗಾಗಿ ಪ್ರತಿ ಸಂಖ್ಯೆಯೂ ಹಿಂದಿನದರ 1.4 ಪಟ್ಟು. ಈ ಒಂದೊಂದು ಮೆಟ್ಟಿಲಿಗೆ ಒಂದು ಸ್ಟಾಪ್ ಅಂತ ಹೆಸರು.

ನನ್ನಂಥ ಕೋಡ್ ಬರೆಯೋರಿಗೆ ಇದು ತಕ್ಷಣ ಹಿಡಿಸುತ್ತೆ. ಒಂದು ಸ್ಟಾಪ್ ಹೆಚ್ಚು ಅಂದರೆ ಎಡಕ್ಕೆ ಒಂದು ಬಿಟ್ ಸರಿಸಿದ ಹಾಗೆ, ದುಪ್ಪಟ್ಟು. ಒಂದು ಸ್ಟಾಪ್ ಕಮ್ಮಿ ಅಂದರೆ ಬಲಕ್ಕೆ ಸರಿಸಿದ ಹಾಗೆ, ಅರ್ಧ. ಸೆಕೆಂಡಿನ 125ನೇ ಒಂದು ಭಾಗದಿಂದ 60ನೇ ಒಂದು ಭಾಗಕ್ಕೆ ಬಂದರೆ ಒಂದು ಸ್ಟಾಪ್ ಜಾಸ್ತಿ. ಐಎಸ್‌ಒ 100ರಿಂದ 200ಕ್ಕೆ ಹೋದರೆ ಚಿತ್ರ ಒಂದು ಸ್ಟಾಪಿನಷ್ಟು ಬೆಳಗಾಗುತ್ತೆ. ಒಂದು ಕಡೆ ಕೂಡಿಸಿದ್ದನ್ನ ಇನ್ನೊಂದು ಕಡೆ ಕಳೆದರೆ ಲೆಕ್ಕ ಸರಿಹೋಗುತ್ತೆ. ಆದರೆ ಚಿತ್ರ ಒಂದೇ ಇರಲ್ಲ. ಕಿಂಡಿ ಅಗಲ ಮಾಡಿದರೆ ಹಿನ್ನೆಲೆ ಮಸುಕಾಗುತ್ತೆ, ಶಟರ್ ನಿಧಾನ ಮಾಡಿದರೆ ಓಡೋ ಕರು ಮೋಡದ ಹಾಗೆ ಕಾಣುತ್ತೆ. ಇಷ್ಟು ತಿಳಿದರೆ ಪುಸ್ತಕದ ಮೊದಲ ಅಧ್ಯಾಯ ಮುಗೀತು.

ಇನ್ನು ತಂಬಿಗೆ ತುಂಬಿ ಚೆಲ್ಲಿದರೆ? ಚೆಲ್ಲಿದ ನೀರು ಲೆಕ್ಕಕ್ಕೆ ಸಿಗಲ್ಲ. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ ಮಾತ್ರ ಜಾಗ. ಬೆಳಕು ಎಷ್ಟೇ ಹೆಚ್ಚಿದ್ದರೂ 255ಕ್ಕೆ ಮುಗೀತು. ರಾ ಫೈಲಿನಲ್ಲಿ 14 ಬಿಟ್ ಇದ್ದರೆ 16383ರವರೆಗೆ ಹೋಗಬಹುದು, ಆದರೆ ಅಲ್ಲೂ ಒಂದು ಅಂಚು ಇದ್ದೇ ಇದೆ. ಆ ಅಂಚು ದಾಟಿದ ಮೋಡ ಬರೀ ಬಿಳಿ ಕಾಗದ. ಫೋಟೋಶಾಪ್ ಅಲ್ಲ, ಬ್ರಹ್ಮ ಬಂದರೂ ಅದರಲ್ಲಿ ಮೋಡ ತರಿಸೋಕಾಗಲ್ಲ. ನೆರಳಲ್ಲಿ ಬಿದ್ದದ್ದನ್ನ ಎಳೆದು ಸ್ವಲ್ಪ ಹೊರಗೆ ತರಬಹುದು, ಚೆಲ್ಲಿಹೋದದ್ದನ್ನ ತರೋಕಾಗಲ್ಲ. ಅಜ್ಜ ಗದ್ದೆಯ ಒಡ್ಡು ತೋರಿಸಿ ಒಮ್ಮೆ ಹೇಳಿದ್ದ: "ಒಡ್ಡ ಅಂದ್ರ ನೀರ ನಿಂದ್ರಸಾಕ ಅಷ್ಟ ಅಲ್ಲೋ ತಮ್ಮಾ. ಎಷ್ಟ್ ನಿಂದ್ರಬೇಕು, ಎಲ್ಲಿಂದ ಹೋಗಬೇಕು ಅಂತ ಮೊದಲ ನೀ ಹೇಳಬೇಕು. ನೀ ಹೇಳಲಿಲ್ಲಾಂದ್ರ ನೀರಽ ಹೇಳತೈತಿ." ಭತ್ತದ ಬಗ್ಗೆ ಹೇಳಿದ ಮಾತು ಅದು. ನನಗೆ ಹಿಸ್ಟೋಗ್ರಾಮ್ ಅರ್ಥವಾಗಿದ್ದು ಅವತ್ತು.

ಈಗ ಯಾರು ಹೇಳಬೇಕು ಅನ್ನೋ ಪ್ರಶ್ನೆಗೆ ಬರೋಣ. ಆಟೋ ಮೋಡಿನಲ್ಲಿ ಇದನ್ನೆಲ್ಲ ಕ್ಯಾಮೆರಾನೇ ಹೇಳುತ್ತೆ. ಹೇಗೆ ಹೇಳುತ್ತೆ? ಅದರೊಳಗಿನ ಮೀಟರಿಗೆ ಎದುರಿಗಿರೋದು ಏನು ಅಂತ ಮೂಲತಃ ಗೊತ್ತಿಲ್ಲ. ವಸ್ತುವಿನಿಂದ ವಾಪಸ್ ಬಂದ ಬೆಳಕನ್ನಷ್ಟೇ ಅದು ಅಳೆಯುತ್ತೆ. ಅಳೆದು, ಲೋಕದಲ್ಲಿ ಎಲ್ಲವೂ ಸರಾಸರಿ ಒಂದು ನಡು-ಬೂದು ಬಣ್ಣ ಅಂತ ನಂಬಿಕೊಂಡು ಲೆಕ್ಕ ಕಟ್ಟುತ್ತೆ. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನ ಹಿಂದಕ್ಕೆ ಕಳಿಸೋ ಬೂದು ಅಂತ ಹೇಳೋದು ವಾಡಿಕೆ. ಈಚಿನ ಕ್ಯಾಮೆರಾಗಳು ಮುಖ ಗುರುತಿಸ್ತವೆ, ಆಕಾಶ ಗುರುತಿಸ್ತವೆ, ಜಾಣವಾಗಿವೆ. ಆದರೂ ಬುಡದಲ್ಲಿರೋ ನಂಬಿಕೆ ಇದೇ.

ಇದನ್ನ ನೋಡೋಕೆ ಲ್ಯಾಬ್ ಬೇಕಿಲ್ಲ, ಅಜ್ಜನ ಹಿತ್ತಲು ಸಾಕು. ಅಲ್ಲೊಂದು ಎಮ್ಮೆ ಇದೆ. ಫ್ರೇಮು ತುಂಬ ಎಮ್ಮೆಯ ಮೈಯನ್ನೇ ಇಟ್ಟು ಆಟೋದಲ್ಲಿ ಕ್ಲಿಕ್ಕಿಸಿದರೆ ಎಮ್ಮೆ ಬೂದಿ ಬಳಿದುಕೊಂಡ ಸಾಧುವಿನ ಥರ ಬರುತ್ತೆ. ಅದೇ ಬೆಳಕಿನಲ್ಲಿ ಪಕ್ಕದ ಸುಣ್ಣದ ಗೋಡೆಯನ್ನಷ್ಟೇ ಇಟ್ಟು ಕ್ಲಿಕ್ಕಿಸಿದರೆ ಗೋಡೆಯೂ ಬೂದಿ! ಎಮ್ಮೆ ಕಪ್ಪು ಅಂತ ಹೇಳೋಕೆ ಒಂದೂವರೆ ಸ್ಟಾಪ್ ಕಮ್ಮಿ ಮಾಡಬೇಕು, ಗೋಡೆ ಬಿಳಿ ಅಂತ ಹೇಳೋಕೆ ಅಷ್ಟೇ ಹೆಚ್ಚು ಮಾಡಬೇಕು. ಕ್ಯಾಮೆರಾದ ಮೇಲೆ ಪ್ಲಸ್-ಮೈನಸ್ ಗುರುತಿನ ಗುಂಡಿ ಇರೋದೇ ಅದಕ್ಕೆ. ಕಣಕುಂಬಿ ಘಾಟಿನ ಮಂಜಿನಲ್ಲೂ ಇದೇ ಕಥೆ. ಹಾಲಿನಂಥ ಮಂಜನ್ನ ಮೀಟರು ಹೊಗೆ ಮಾಡಿಡುತ್ತೆ, ಒಂದು ಸ್ಟಾಪ್ ಪ್ಲಸ್ ಮಾಡಿದರೆ ಮತ್ತೆ ಮಂಜಾಗುತ್ತೆ. ಕತ್ತಲಲ್ಲಿ ಹೋಗೋರಿಗೂ ಬೆಳಕಲ್ಲಿ ಹೋಗೋರಿಗೂ ಒಂದೇ ಅಳತೆಯ ಅಂಗಿ ಹೊಲಿಯೋ ದರ್ಜಿ ಈ ಮೀಟರು.

ಸರಾಸರಿ ಅನ್ನೋದು ಎಷ್ಟು ನಿರುಪಯೋಗಿ ಆಗಬಹುದು ಅಂತ ಗೊತ್ತಾಗಬೇಕಿದ್ದರೆ ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಗೆ ಹೋಗಿ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು ಅದು. ಒಳಗೆ ನೇಮಿನಾಥ ತೀರ್ಥಂಕರರ ಮೂರ್ತಿ ಇದೆ. ಮಂಟಪದ ಮಧ್ಯದ ಛಾವಣಿಯಿಂದ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಇಳಿಬಿದ್ದಿದೆ, ಬಸದಿಗೆ ಹೆಸರು ಬಂದದ್ದೇ ಅದರಿಂದ. ಎಸಳುಗಳು 72. ಭೂತ, ವರ್ತಮಾನ, ಭವಿಷ್ಯ ಮೂರೂ ಕಾಲಕ್ಕೆ 24ರಂತೆ ತೀರ್ಥಂಕರರ ಲೆಕ್ಕ ಅದು. ಕಂಬಗಳು ಎಂಟು ನೂರು ವರ್ಷ ಹಳೆಯವಾದರೂ ಹೊಳೆಯುತ್ತವೆ, ಕಪ್ಪು ಕಲ್ಲಿನ ಮೈಯಲ್ಲಿ ಬಾಗಿಲ ಬೆಳಕು ಗೆರೆಯಾಗಿ ಬೀಳುತ್ತೆ.

ಒಂದು ಮಧ್ಯಾಹ್ನ ಅಲ್ಲಿದ್ದವರನ್ನ ಕೇಳಿ, ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸದೆ, ಮಂಟಪದಲ್ಲಿ ಒಂದು ಗಂಟೆ ಕೂತಿದ್ದೆ. ಹೊರಗೆ ಸುಡು ಬಿಸಿಲು. ಬಿಸಿಲಿಗೆ ಒಂದು ಹಳೆಯ ಸೂತ್ರ ಇದೆ, ಸನ್ನಿ 16 ಅಂತ. ನಿಚ್ಚಳ ಬಿಸಿಲಿನಲ್ಲಿ ಎಫ್/16 ಇಟ್ಟು, ಐಎಸ್‌ಒ 100 ಇದ್ದರೆ ಶಟರ್ ಸೆಕೆಂಡಿನ ನೂರನೇ ಒಂದು ಭಾಗ ಇಡಿ, ಮೀಟರೇ ಬೇಡ. ಒಳಗೆ ಕಮಲಕ್ಕೆ ನನಗೆ ಬೇಕಾದದ್ದು ಎಫ್/2.8, ಮೂವತ್ತನೇ ಒಂದು ಭಾಗ, ಐಎಸ್‌ಒ 1600. ಲೆಕ್ಕ ಹಾಕಿದರೆ ಒಳಗೂ ಹೊರಗೂ ಹತ್ತಿರ ಹತ್ತಿರ 11 ಸ್ಟಾಪ್ ವ್ಯತ್ಯಾಸ. ಎರಡರ ಹನ್ನೊಂದನೇ ಘಾತ, 2048 ಪಟ್ಟು! ಅಂದರೆ ಒಂದೇ ಫ್ರೇಮಿನಲ್ಲಿ ಬಾಗಿಲೂ ಇದೆ ಕಮಲವೂ ಇದೆ ಅಂದರೆ, ಒಂದಕ್ಕಿಂತ ಒಂದು ಎರಡು ಸಾವಿರ ಪಟ್ಟು ಬೆಳಗುತ್ತಿದೆ. ನಮ್ಮ ಕಣ್ಣಿಗೆ ಇದು ಗೊತ್ತೇ ಆಗಲ್ಲ. ಬಾಗಿಲು ನೋಡುವಾಗ ಪಾಪೆ ಕಿರಿದಾಗುತ್ತೆ, ಕಮಲ ನೋಡುವಾಗ ಹಿಗ್ಗುತ್ತೆ, ಮನಸ್ಸು ಎರಡನ್ನೂ ಹೊಲಿದು ಒಂದು ಮಾಡಿಕೊಡುತ್ತೆ.

ಕ್ಯಾಮೆರಾ ಒಂದೇ ಸಲ ನೋಡುತ್ತೆ. ಬಾಗಿಲಿಗೆ ಅಳೆದರೆ ಹೊರಗಿನ ಮರ, ಆಕಾಶ ಚೆಂದ ಬರ್ತವೆ, ಬಸದಿಯ ಒಳಗೆಲ್ಲ ಕಾಡಿಗೆ. ಕಮಲಕ್ಕೆ ಅಳೆದರೆ ಎಸಳು ಎಸಳೂ ಎಣಿಸಬಹುದು, ಬಾಗಿಲು ಬೆಳ್ಳಗೆ ಸಿಡಿದುಹೋಗುತ್ತೆ. ಎರಡರ ಸರಾಸರಿ ತೆಗೆದರೆ ಎರಡೂ ಅರೆಬರೆ. ಫೋನಿನ ಕ್ಯಾಮೆರಾ ಬೇರೆ ಬೇರೆ ಎಕ್ಸ್‌ಪೋಷರಿನ ಹಲವು ಚಿತ್ರಗಳನ್ನ ಕಣ್ಣು ಮಿಟುಕಿಸೋದರಲ್ಲಿ ತೆಗೆದು ಬೆಸೆದುಬಿಡುತ್ತೆ, ಅದನ್ನೂ ಮಾಡಿ ನೋಡಿದೆ. ಎಲ್ಲ ಕಾಣುತ್ತೆ, ಆದರೆ ಕತ್ತಲು ಹೋಗಿಬಿಡುತ್ತೆ. ಬಸದಿಯೊಳಗೆ ಕಾಲಿಟ್ಟಾಗ ಆಗೋ ತಂಪು ಇರೋದು ಆ ಕತ್ತಲಲ್ಲಿ. ಹಾಗಾಗಿ "ಸರಿಯಾದ ಎಕ್ಸ್‌ಪೋಷರ್ ಎಷ್ಟು?" ಅನ್ನೋ ಪ್ರಶ್ನೆಗೆ ಉತ್ತರವೇ ಇಲ್ಲ. "ಯಾವುದಕ್ಕೆ ಸರಿ?" ಅಂತ ಕೇಳಬೇಕು. ಅವತ್ತು ನಾನು ಕಮಲವನ್ನ ಆರಿಸಿಕೊಂಡೆ.

ಕಲ್ಲಿನ ಕಮಲವನ್ನ ಆರಿಸಿಕೊಳ್ಳೋದು ಸುಲಭ, ಅದಕ್ಕೆ ಲಗ್ನ ಆಗಬೇಕಿಲ್ಲ. ಮನುಷ್ಯರ ಮುಖ ಬಂದಾಗ ಇದೇ ಪ್ರಶ್ನೆ ಬೇರೆ ಬಣ್ಣ ತಾಳುತ್ತೆ.

ನಮ್ಮ ತಂಗಿ ಬೆಳಗಾವಿಯ ಒಂದು ಶಾಲೆಯಲ್ಲಿ ಗಣಿತ ಕಲಿಸ್ತಾಳೆ. ಬಣ್ಣದಲ್ಲಿ ಅಜ್ಜನ ಕಡೆ, ಕಪ್ಪು. ಎಡಗೆನ್ನೆ ಮೇಲೆ ಒಂದು ಮಚ್ಚೆ. ಮನೆಯಲ್ಲಿ ವರ ನೋಡೋಕೆ ಶುರು ಮಾಡಿದಾಗ ಅವ್ವ ಅವಳನ್ನ ಒಂದು ಸ್ಟುಡಿಯೋಕ್ಕೆ ಕರ್ಕೊಂಡು ಹೋಗಿದ್ದಳು. ಸ್ಟುಡಿಯೋದವರು ಕೇಳಿದ್ದು ಒಂದೇ: "ಲಗ್ನಕ್ಕ ತೋರಸೂದು ಹೌದಲ್ರಿ?" ಆಮೇಲೆ ಏನೂ ಹೇಳಬೇಕಾಗಿಲ್ಲ. ಮೂರು ದೀಪ ಮುಖಕ್ಕೆ, ಎರಡು ಸ್ಟಾಪ್ ಹೆಚ್ಚಿಗೆ ಬೆಳಕು. ಮೂಗಿನ ಅಂಚು ಕೆನ್ನೆಯಲ್ಲಿ ಕರಗಿಹೋಗಿತ್ತು. ಮಚ್ಚೆಯನ್ನ ಕಂಪ್ಯೂಟರಿನಲ್ಲಿ ಒರೆಸಿದ್ದರು. ಫೋಟೋ ಮನೆಗೆ ಬಂದಾಗ ಅಜ್ಜಿ ಕನ್ನಡಕ ಏರಿಸಿ ನೋಡಿ, "ಯಾರ ಮಗಳಿದು?" ಅಂತ ಕೇಳಿದಳು. ಚೇಷ್ಟೆಗೆ ಅಲ್ಲ, ನಿಜಕ್ಕೂ.

ಆ ಫೋಟೋ ನೋಡಿ ಒಂದು ಮನೆಯವರು ಬಂದರು. ಚಹಾ, ಅವಲಕ್ಕಿ, ಕುಂದಾ ಎಲ್ಲ ಆಯ್ತು. ಬಂದವರಲ್ಲಿ ಒಬ್ಬ ಹೆಂಗಸು ತಂಗಿಯನ್ನ ಮೇಲಿಂದ ಕೆಳಗೆ ನೋಡಿ, ಪಕ್ಕದವರಿಗೆ ಹೇಳೋ ಹಾಗೆ ಎಲ್ಲರಿಗೂ ಕೇಳಿಸೋ ಹಾಗೆ ಅಂದರು: "ಫೋಟೋದಾಗ ಹಿಂಗ ಇರಲಿಲ್ಲಲ್ಲ..." ಅವ್ವ ತಲೆ ತಗ್ಗಿಸಿದಳು. ತಂಗಿ ತಲೆ ತಗ್ಗಿಸಲಿಲ್ಲ. ಕಪ್ಪುಗಳನ್ನ ತಟ್ಟೆಯಲ್ಲಿ ಜೋಡಿಸ್ತಾ ಮೆಲ್ಲಗೆ ಹೇಳಿದಳು: "ಹಂಗಾದ್ರ ಫೋಟೋದಾಕಿನ್ನಽ ಕರ್ಕೊಂಡ ಹೋಗ್ರಿ." ಮಾತು ಅಲ್ಲಿಗೆ ಮುಗೀತು, ಸಂಬಂಧವೂ. ರಾತ್ರಿ ಅವಳು ಅತ್ತಿದ್ದು ಮಾತ್ರ ನಮಗೆಲ್ಲ ಕೇಳಿಸ್ತು.

ಇದು ನಮ್ಮ ಮನೆಯ, ನಮ್ಮೂರಿನ ಸ್ಟುಡಿಯೋದ ಕಥೆ ಅಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಫಿಲ್ಮ್ ಕಾಲದಲ್ಲಿ ಬಣ್ಣದ ಫೋಟೋ ತೊಳೆಯೋ ಲ್ಯಾಬುಗಳಿಗೆ ಕೊಡಾಕ್‌ನಿಂದ ಶರ್ಲಿ ಕಾರ್ಡ್ ಅಂತ ಒಂದು ಮಾದರಿ ಚಿತ್ರ ಬರುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಬಿಳಿ ಮೈಬಣ್ಣದ ಹೆಣ್ಣುಮಗಳು. ಅವಳ ಮೈಬಣ್ಣ ಸರಿ ಬಂದರೆ ಯಂತ್ರ ಸರಿ ಇದೆ ಅಂತ ಲೆಕ್ಕ. ಕಪ್ಪು ಮೈಯವರು ಅದೇ ಲೆಕ್ಕದಲ್ಲಿ ಕಣ್ಣು, ಹಲ್ಲು ಬಿಟ್ಟು ಬೇರೇನೂ ಕಾಣದ ಹಾಗೆ ಬರುತ್ತಿದ್ದರು. ಕಂದು ಬಣ್ಣದ ಸೂಕ್ಷ್ಮಗಳು ಸರಿ ಬರ್ತಿಲ್ಲ ಅಂತ ಕಂಪನಿಗೆ ದೂರು ಕೊಟ್ಟವರಲ್ಲಿ ಚಾಕೊಲೇಟು ಮತ್ತು ಮರದ ಪೀಠೋಪಕರಣ ತಯಾರಿಸೋರು ಇದ್ದರಂತೆ. ಮನುಷ್ಯರ ಮುಖಕ್ಕಿಂತ ಕುರ್ಚಿ-ಮೇಜಿನ ಬಣ್ಣದ ದೂರು ಬೇಗ ಮುಟ್ಟಿದ ಹಾಗಾಯ್ತು! 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನ ಜೊತೆ ರಿಯಲ್ ಟೋನ್ ಅಂತ ಒಂದು ಸೌಲಭ್ಯ ತಂದಿತು, ಎಲ್ಲ ಮೈಬಣ್ಣಗಳೂ ಇದ್ದ ಹಾಗೆ ಬರಲಿ ಅಂತ. ಅಂದರೆ ಅಷ್ಟು ವರ್ಷ ಆ ಕೆಲಸ ಬಾಕಿ ಇತ್ತು ಅಂತಲೇ ಅರ್ಥ. ಅಲ್ಗಾರಿದಮ್ ಬರೆಯೋರಾದ ನಾವು ಇದನ್ನ ನೆನಪಿಟ್ಟುಕೊಳ್ಳಬೇಕು. ಡಿಫಾಲ್ಟ್ ವ್ಯಾಲ್ಯೂ ಅನ್ನೋದು ಯಾರೋ ಒಬ್ಬರನ್ನ ಎದುರಿಗೆ ನಿಲ್ಲಿಸಿಕೊಂಡು ಬರೆದದ್ದು.

ದೀಪಾವಳಿ ರಜೆಗೆ ಬಂದಾಗ ತಂಗಿ ತಾನೇ ಕೇಳಿದಳು. "ಅಣ್ಣಾ, ನೀನಽ ಒಂದ್ ಫೋಟೋ ತಗಿ. ಬೆಳ್ಳಗ ಮಾಡಬ್ಯಾಡ, ಕಪ್ಪೂ ಮಾಡಬ್ಯಾಡ. ನಾ ಹೆಂಗ ಅದೀನಿ ಹಂಗ." ಅಷ್ಟು ಸ್ಪಷ್ಟವಾದ ರಿಕ್ವೈರ್‌ಮೆಂಟು ನನಗೆ ಯಾವ ಕ್ಲೈಂಟೂ ಕೊಟ್ಟಿಲ್ಲ!

ಆದರೆ ಕೆಲಸ ಸುಲಭದ್ದಲ್ಲ. ಅವಳನ್ನ ಅಜ್ಜನ ಮನೆಯ ಸುಣ್ಣದ ಗೋಡೆಯ ಮುಂದೆ ಕೂರಿಸಿದರೆ ಮೀಟರು ಗೋಡೆಯನ್ನ ಬೂದಿ ಮಾಡೋಕೆ ಹೋಗಿ ಅವಳ ಮುಖವನ್ನ ಇದ್ದದ್ದಕ್ಕಿಂತ ಕಪ್ಪು ಮಾಡುತ್ತೆ. ಬರೀ ಮುಖಕ್ಕೆ ಸ್ಪಾಟ್ ಮೀಟರ್ ಹಿಡಿದರೆ ಮುಖವನ್ನ ನಡು-ಬೂದಿಗೆ ಎಳೆಯೋಕೆ ಹೋಗಿ ಇದ್ದದ್ದಕ್ಕಿಂತ ಬೆಳ್ಳಗೆ ಮಾಡುತ್ತೆ. ಎರಡೂ ಅವಳಲ್ಲ. ಇದಕ್ಕೆ ಹಳಬರದ್ದೊಂದು ಉಪಾಯ ಇದೆ: ಅಂಗೈ. ಮೈಬಣ್ಣ ಏನೇ ಇರಲಿ, ಅಂಗೈಯ ಬಣ್ಣ ಮುಖದಷ್ಟು ಒಬ್ಬರಿಂದ ಒಬ್ಬರಿಗೆ ಬದಲಾಗಲ್ಲ. ನಡು-ಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತೆ. ಮುಖದ ಮೇಲೆ ಬೀಳೋ ಬೆಳಕೇ ಅಂಗೈ ಮೇಲೂ ಬೀಳೋ ಹಾಗೆ ಹಿಡಿದು, ಅದನ್ನ ಅಳೆದು, ಒಂದು ಸ್ಟಾಪ್ ಹೆಚ್ಚು ಮಾಡಿದರೆ ಆಯ್ತು. ಆಗ ನೀವು ಅಳೆದದ್ದು ಮುಖವನ್ನಲ್ಲ, ಮುಖದ ಮೇಲೆ ಬಿದ್ದ ಬೆಳಕನ್ನ. ಬೆಳಕು ಗೊತ್ತಾದರೆ ಬಿಳಿ ಬೆಳ್ಳಗೆ, ಕಪ್ಪು ಕಪ್ಪಗೆ, ಕಂದು ಕಂದಾಗಿ ತಾನೇ ಬರುತ್ತೆ. "ಕೈ ಒಡ್ಡು" ಅಂದೆ. ತಂಗಿ ಅಂಗೈ ಒಡ್ಡಿದಳು.

ಅಜ್ಜನ ಮನೆಯ ನಡುಮನೆಗೆ ಒಂದೇ ಕಿಟಕಿ. ಕಿಟಕಿಯ ಕಡೆ ಕೆನ್ನೆ ಚೆಂದ ಬೆಳಗ್ತಿತ್ತು, ಆಚೆ ಬದಿ ಪೂರ್ತಿ ಕತ್ತಲು. ಕ್ಯಾಮೆರಾದಲ್ಲಿ ಬೆಳಕು ಹೆಚ್ಚಿಸಿದರೆ ಈ ಕಡೆ ಚೆಲ್ಲುತ್ತೆ. ಆಗ ನೆನಪಾದದ್ದು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. ಗುರುದತ್ತರ ಸಿನಿಮಾಗಳ ಛಾಯಾಗ್ರಾಹಕ, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು, ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ "ಕಾಗಜ್ ಕೇ ಫೂಲ್" ಚಿತ್ರದಲ್ಲಿ ಸ್ಟುಡಿಯೋದ ಕತ್ತಲೊಳಗೆ ಮೇಲಿಂದ ಇಳಿಯೋ ಬೆಳಕಿನ ಕೋಲು ನೋಡಿದ್ದೀರಲ್ಲ? ಅದಕ್ಕೆ ಅವರು ದೊಡ್ಡ ದೀಪ ಹುಡುಕಲಿಲ್ಲ. ಕನ್ನಡಿಗಳನ್ನ ಇಟ್ಟು ಹೊರಗಿನ ಸೂರ್ಯನ ಬೆಳಕನ್ನೇ ಒಳಗೆ ತಿರುಗಿಸಿದರು. ಕ್ಯಾಮೆರಾ ಇರೋ ಬೆಳಕನ್ನ ಹಿಡಿಯಬಲ್ಲದು ಅಷ್ಟೇ, ಇಲ್ಲದ ಕಡೆಗೆ ಬೆಳಕನ್ನ ಕರೆತರಬೇಕಾದವರು ಮನುಷ್ಯರು.

ನಮಗೆ ಅಷ್ಟು ದೊಡ್ಡ ಕನ್ನಡಿ ಎಲ್ಲಿಂದ ಬರಬೇಕು. ಹಗ್ಗದ ಮೇಲೆ ಅಜ್ಜನ ಬಿಳಿ ಧೋತರ ಒಣಗ್ತಿತ್ತು. ಅದನ್ನ ತಂದು ನಾಲ್ಕು ಮಡಿಕೆ ಮಾಡಿ ಕತ್ತಲ ಬದಿಗೆ ಹಿಡಿಯೋಕೆ ಅವ್ವನಿಗೆ ಕೊಟ್ಟೆ. ಕಿಟಕಿಯ ಬೆಳಕು ಧೋತರಕ್ಕೆ ಬಡಿದು ಮೆಲ್ಲಗೆ ಆಚೆ ಕೆನ್ನೆ ಮೇಲೆ ಬಿತ್ತು. ಎಫ್/2.8, 125ನೇ ಒಂದು ಭಾಗ, ಐಎಸ್‌ಒ 400. ಅವ್ವ ಧೋತರ ಹಿಡಿದುಕೊಂಡೇ, "ಇನ್ನೊಂದ್ ಸ್ವಲ್ಪ ಬೆಳಕ ಹೆಚ್ಚ ಮಾಡೋ, ಯಾರಿಗೂ ತಿಳಿಯೂದಿಲ್ಲ" ಅಂದಳು. ಮಗಳ ಮೇಲಿನ ಅಂಜಿಕೆಯಿಂದ ಬಂದ ಮಾತು ಅದು, ಬೇರೇನಲ್ಲ. ತಂಗಿ ನಗ್ತಾ ಅಂದಳು: "ಅವ್ವಾ, ಬಂದಾವ್ರಿಗೆ ತಿಳೀತೈತಿ." ಆ ನಗುವಿನಲ್ಲೇ ಕ್ಲಿಕ್ಕಿಸಿದೆ.

ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಮೂಗಿಗೆ ಅಂಚು ಇತ್ತು. ಮಚ್ಚೆ ಇತ್ತು. ಕಂದು ಬಣ್ಣದೊಳಗೆ ಎಷ್ಟು ಬಗೆಯ ಕಂದು ಇರ್ತವೆ ಅಂತ ಆ ಕೆನ್ನೆಯಲ್ಲಿ ಕಾಣ್ತಿತ್ತು. ಕಿಟಕಿಯ ಕಡೆ ಜೇನಿನ ಹಾಗೆ, ಆಚೆ ಕಡೆ ಹುರಿದ ಕಾಫಿಬೀಜದ ಹಾಗೆ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರ ಅಜ್ಜನ ಮಾರಿನಽ ಇದು" ಅಂದಳು. ಹೆಮ್ಮೆಯೋ ಚಿಂತೆಯೋ ತಿಳಿಯಲಿಲ್ಲ. ಎರಡೂ ಇರಬೇಕು.

ಈಗ ವಾಟ್ಸಾಪಿನಲ್ಲಿ ಹೋಗ್ತಿರೋದು ಆ ಫೋಟೋನೇ. ಲಗ್ನ ಇನ್ನೂ ಗಟ್ಟಿಯಾಗಿಲ್ಲ. ಎರಡು ಮನೆಯವರಿಂದ ಉತ್ತರವೇ ಬರಲಿಲ್ಲ. ಅವ್ವನಿಗೆ ಒಮ್ಮೊಮ್ಮೆ ಸ್ಟುಡಿಯೋ ಫೋಟೋನೇ ಕಳಿಸೋಣ ಅನ್ನಿಸುತ್ತೆ, ಹೇಳ್ತಾಳೆ ಕೂಡ. ತಂಗಿ ಬಿಡಲ್ಲ. "ಬರಾವ್ರು ನೋಡೇ ಬರಲಿ" ಅಂತಾಳೆ. ಒಂದು ಮನೆಯವರು ಬಂದು ಹೋದರು. ಹುಡುಗ ಹೆಚ್ಚು ಮಾತಾಡಲಿಲ್ಲ, ಆದರೆ "ಫೋಟೋದಾಗ ಹಿಂಗ ಇರಲಿಲ್ಲ" ಅನ್ನೋ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಮುಂದೇನಾಗುತ್ತೋ ನೋಡೋಣ. ಫೋಟೋ ಒಂದರಿಂದ ಲೋಕ ಬದಲಾಗುತ್ತೆ ಅಂತ ನಾನೇನೂ ಹೇಳ್ತಿಲ್ಲ. ಮನೆಯಲ್ಲಿ ಒಬ್ಬಳು ತಲೆ ಎತ್ತಿ ಚಹಾ ತಂದುಕೊಟ್ಟಳು, ಅಷ್ಟು ಗೊತ್ತು.

1826-27ರ ಸುಮಾರಿಗೆ ಫ್ರಾನ್ಸಿನ ನಿಯೆಪ್ಸ್ ತನ್ನ ಕಿಟಕಿಯಿಂದ ಕಾಣೋ ದೃಶ್ಯವನ್ನ ಲೋಹದ ತಗಡಿನ ಮೇಲೆ ಹಿಡಿದಾಗ ಅದನ್ನ ಗಂಟೆಗಟ್ಟಲೆ ಬೆಳಕಿಗೆ ಒಡ್ಡಿ ಇಡಬೇಕಾಗಿತ್ತು. ಈಗ ಉಳಿದಿರೋ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರ ಅದು. ಇವತ್ತು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಗಿಯುತ್ತೆ. ಹೊತ್ತು ಇಷ್ಟು ಕಮ್ಮಿಯಾಗಿದೆ ಅಂತಲೇ ನಾವು ನಿರ್ಧಾರವನ್ನ ಯಂತ್ರಕ್ಕೆ ಬಿಟ್ಟುಬಿಡ್ತೀವಿ ಅನ್ನಿಸುತ್ತೆ.

ಕ್ಯಾಮೆರಾ ಇರೋ ಗೆಳೆಯರು ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಅತಿ ಕಪ್ಪಗಿರೋ ವಸ್ತು ಒಂದು, ಅತಿ ಬೆಳ್ಳಗಿರೋ ವಸ್ತು ಒಂದು, ಎರಡನ್ನೂ ಆಟೋದಲ್ಲಿ ಫ್ರೇಮು ತುಂಬ ಹಿಡಿಯಿರಿ. ಎರಡೂ ಬೂದಿಯಾಗೋದನ್ನ ಕಣ್ಣಾರೆ ನೋಡಿ. ಆಮೇಲೆ ಮನೆಯವರಲ್ಲಿ ಒಬ್ಬರನ್ನ ಕಿಟಕಿಯ ಹತ್ತಿರ ಕೂರಿಸಿ, ಅಂಗೈ ಒಡ್ಡಿಸಿ, ಒಂದು ಸ್ಟಾಪ್ ಹೆಚ್ಚು ಮಾಡಿ ತೆಗೆಯಿರಿ. ಡಿಎಸ್‌ಎಲ್‌ಆರ್ ಇಲ್ಲದಿದ್ದರೆ ಫೋನಿನಲ್ಲೂ ಆಗುತ್ತೆ, ಬ್ಯೂಟಿ ಮೋಡ್ ಆಫ್ ಮಾಡಿ, ಪರದೆ ಮೇಲೆ ಅಂಗೈಯನ್ನ ಒತ್ತಿ ಹಿಡಿದು ಲಾಕ್ ಮಾಡಿಕೊಂಡು ಸ್ವಲ್ಪ ಏರಿಸಿದರೆ ಆಯ್ತು. ತೆಗೆದದ್ದನ್ನ ಮೊದಲು ಅವರಿಗೇ ತೋರಿಸಿ, "ಇದು ನೀವೇನಾ?" ಅಂತ ಕೇಳಿ. ಹಿಸ್ಟೋಗ್ರಾಮ್ ಏನು ಹೇಳುತ್ತೋ ಅದನ್ನ ಅದಾದ ಮೇಲೆ ನೋಡಿದರೂ ನಡೆಯುತ್ತೆ.

ಹಾಂ, ಇನ್ನೊಂದು. ಮಂಡ್ಯ, ಮಂಗಳೂರು, ಬೀದರ್ ಕಡೆಯವರು ಇದನ್ನ ಓದ್ತಿದ್ದರೆ, ನಿಮ್ಮ ಊರುಗಳಲ್ಲಿ ಹೊಲದ ಈ ಮಣ್ಣಿನ ದಿಬ್ಬಕ್ಕೆ ಏನಂತಾರೆ? ಅಲ್ಲೂ ಒಡ್ಡು ಅಂತಲೇ ಅಂತಾರಾ? ತಿಳಿಸಿ.